ಸಮುದ್ರ ನೋಡಲು ಬಸ್ಸಿತ್ತಲ್ಲ

ಹೈದರಾಬಾದಿಗೆ ಹೊಸದಾಗಿ ಬರುವ ಕನ್ನಡಿಗರಿಗೆ ನಾನು ಯಾವಾಗಲೂ ಒಂದು ಮಾತು ಹೇಳುತ್ತೇನೆ. ಚಾರ್ಮಿನಾರನ್ನು ಆಮೇಲೆ ನೋಡಿದರೂ ನಡೆಯುತ್ತದೆ, 1591ರಿಂದ ಅಲ್ಲೇ ಇದೆ. ಮೊದಲು ಒಂದು ಶುಕ್ರವಾರ ಬೆಳಿಗ್ಗೆ ಆರ್‌ಟಿಸಿ ಕ್ರಾಸ್‌ರೋಡ್ಸ್‌ಗೆ ಹೋಗಿ ಬನ್ನಿ. ನಮ್ಮಂತೆ ಐಟಿ ಕಡೆ ಇರುವವರು ರಾಯದುರ್ಗದಲ್ಲಿ ಮೆಟ್ರೋ ಹತ್ತಿ, ಪರೇಡ್ ಗ್ರೌಂಡ್ಸ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಸಾಕು. ಸ್ಟೇಷನ್ನಿನಿಂದ ಕೆಳಗಿಳಿದರೆ ಸಂಧ್ಯಾ, ದೇವಿ, ಸುದರ್ಶನ್ ಎಲ್ಲವೂ ಕೂಗಳತೆಯಲ್ಲಿ. ದೊಡ್ಡ ಹೀರೋ ಸಿನಿಮಾ ಇದ್ದರಂತೂ ಕಟೌಟಿಗೆ ಆಳೆತ್ತರದ ಹಾರ, ರಸ್ತೆಯಲ್ಲಿ ಡೋಲು. ಒಳಗೆ ಆತ ತೆರೆಯ ಮೇಲೆ ಕಾಣಿಸಿಕೊಂಡ ಕ್ಷಣ ಹರಿದ ಕಾಗದದ ಮಳೆ, ಮೊದಲ ಹತ್ತು ನಿಮಿಷ ಒಂದೇ ಒಂದು ಡೈಲಾಗೂ ಕಿವಿಗೆ ಬೀಳುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ನೋಡಿದವರಿಗೂ ಇದು ಒಂದು ಕೈ ಹೆಚ್ಚೇ ಅನ್ನಿಸುತ್ತದೆ.

ಇಷ್ಟು ಗದ್ದಲದ ಊರಿನಲ್ಲಿ ಅಳಿಸುವ ಸಿನಿಮಾ ನೋಡುವುದು ಹೇಗೆ ಎಂದು ನನಗೆ ಮೊದಮೊದಲು ಅನುಮಾನವಿತ್ತು. 2022ರ ಆಗಸ್ಟಿನಲ್ಲಿ 'ಸೀತಾರಾಮಂ' ಬಂತು. ಹನು ರಾಘವಪೂಡಿ ನಿರ್ದೇಶನ, ದುಲ್ಕರ್ ಸಲ್ಮಾನ್ ಮತ್ತು ಮೃಣಾಲ್ ಠಾಕೂರ್ ಜೋಡಿ, ಜೊತೆಗೆ ನಮ್ಮ ಕೊಡಗಿನ ರಶ್ಮಿಕಾ. ಹಿಂದುಮುಂದು ಯಾರೂ ಇಲ್ಲದ ಸೈನ್ಯಾಧಿಕಾರಿ ರಾಮ್‌ಗೆ ಸೀತಾಮಹಾಲಕ್ಷ್ಮಿ ಎಂಬ ಹೆಸರಿನಲ್ಲಿ ಪ್ರೇಮಪತ್ರಗಳು ಬರುತ್ತವೆ. ಬರೆದವಳು ನಿಜಕ್ಕೂ ಹೈದರಾಬಾದಿನ ರಾಜಕುಮಾರಿ ನೂರ್‌ಜಹಾನ್. ಅವನ ಕೊನೆಯ ಕಾಗದ ಅವಳ ಕೈ ಸೇರುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿರುತ್ತದೆ. ಕ್ರಾಸ್‌ರೋಡ್ಸ್‌ನ ಥಿಯೇಟರೊಂದರ ಬಾಲ್ಕನಿಯಲ್ಲಿ ಕೂತು ನೋಡಿದೆ. ಮಧ್ಯಂತರದವರೆಗೂ ಸಿಳ್ಳೆ ಹೊಡೆಯುತ್ತಿದ್ದ ಮುಂದಿನ ಸಾಲಿನ ಹುಡುಗರು ಕೊನೆಯ ಅರ್ಧ ಗಂಟೆ ಮೂಗು ಒರೆಸಿಕೊಳ್ಳುತ್ತಿದ್ದರು. ಗದ್ದಲ ಮಾಡುವವರೇ ಮನಸ್ಸು ಬಿಚ್ಚಿ ಅಳುತ್ತಾರೆ ಎಂಬುದು ಅವತ್ತು ಗೊತ್ತಾಯಿತು. ನಾವು ಕನ್ನಡದವರು ಕತ್ತಲಲ್ಲೂ ಪಕ್ಕದ ಸೀಟಿನವರು ನೋಡುತ್ತಾರೇನೋ ಎಂದು ಹೆದರುತ್ತೇವೆ.

ಆ ಚಿತ್ರದಲ್ಲಿ ನನ್ನ ಕಿವಿಗೆ ಅಂಟಿಕೊಂಡ ಪದ 'ಉತ್ತರಂ'. ತೆಲುಗಿನಲ್ಲಿ ಕಾಗದಕ್ಕೆ ಹಾಗನ್ನುತ್ತಾರೆ. ಯಾರಾದರೂ ಉತ್ತರಂ ಬಂತು ಎಂದಾಗೆಲ್ಲ ನನ್ನ ಕನ್ನಡದ ಕಿವಿಗೆ ಅದು ಜವಾಬು ಬಂತು ಎಂದೇ ಕೇಳಿಸುತ್ತಿತ್ತು. ಹಾಗಾದರೆ ಪ್ರಶ್ನೆ ಯಾವುದು ಎಂದು ಮನಸ್ಸು ಹುಡುಕುತ್ತಿತ್ತು. ಆಗ ಇದೊಂದು ತಮಾಷೆ ಅನ್ನಿಸಿತ್ತು ಅಷ್ಟೇ.

ಮಾರನೆಯ ವರ್ಷ ಸೆಪ್ಟೆಂಬರಿನಲ್ಲಿ ಅಪ್ಪ ಹಾವೇರಿಯಿಂದ ಬಂದರು. ಅವ್ವ ತೀರಿಕೊಂಡ ಮೇಲೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಯಾವ ಊರಿಗೆ ಹೋದರೂ ಮೊದಲು ನೋಡುವುದು ಬಸ್‌ ನಿಲ್ದಾಣ. ಮಹಾತ್ಮ ಗಾಂಧಿ ಬಸ್‌ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ಯಾವ ಪ್ಲಾಟ್‌ಫಾರಂನಿಂದ ಎಲ್ಲಿಗೆ ಗಾಡಿ ಎಂದು ಓದಿದರು. ಕಲಬುರಗಿ, ಬೀದರ್, ರಾಯಚೂರಿನ ಬೋರ್ಡುಗಳನ್ನು ಕಂಡು, ಇದು ನಮ್ಮ ಊರೇ ಬಿಡು ಎಂದರು. ಅವರು ಹೇಳಿದ್ದು ಪೂರಾ ಸುಳ್ಳಲ್ಲ. 1956ರ ನವೆಂಬರ್ 1ರವರೆಗೆ ಆ ಮೂರೂ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡಿಗರ ಶಾಲೆ ಇರುವುದು ಹಾಗಾಗಿಯೇ. ಸಂಜೆ ಟ್ಯಾಂಕ್‌ಬಂಡ್ ಮೇಲೆ ನಡೆದೆವು. ಸಾಲಾಗಿ ನಿಂತ ಪ್ರತಿಮೆಗಳಲ್ಲಿ ಶ್ರೀಕೃಷ್ಣದೇವರಾಯನನ್ನು ಗುರುತಿಸಿ, ಹುಸೇನ್ ಸಾಗರದ ನಡುವಿನ ಬುದ್ಧನಿಗೆ ಕೈ ಮುಗಿದು, "ಇಷ್ಟ್ ದೊಡ್ಡ ಕೆರಿ ಊರ ನಡುವ ಐತೆಲ್ಲ" ಎಂದು ಬೆರಗಾದರು.

ಆ ವಾರವೇ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಮೊದಲ ಭಾಗ ಬಿಡುಗಡೆಯಾಗಿತ್ತು. ಇಲ್ಲಿ ಕನ್ನಡ ಸಿನಿಮಾ ನೋಡುವ ಕಷ್ಟ ನಿಮಗೂ ಗೊತ್ತಿರುತ್ತದೆ. ಗಚ್ಚಿಬೌಲಿ ಕಡೆಯ ಮಲ್ಟಿಪ್ಲೆಕ್ಸಿನಲ್ಲಿ ವಾರಾಂತ್ಯಕ್ಕೆ ಒಂದೋ ಎರಡೋ ಆಟ, ಅದೂ ಊಟದ ಹೊತ್ತಿಗೋ ಮಲಗುವ ಹೊತ್ತಿಗೋ. ವಾಟ್ಸಾಪ್ ಗುಂಪಿನಲ್ಲಿ ಟಿಕೆಟ್ ಲಿಂಕ್ ಬಿದ್ದ ಅರ್ಧ ಗಂಟೆಯಲ್ಲಿ ಹಿಂದಿನ ಸಾಲುಗಳು ಖಾಲಿ. ನಾವು ಮೂವರು, ಅಪ್ಪ, ನನ್ನ ಗಂಡ ಮತ್ತು ನಾನು, ತೆರೆಗೆ ತೀರಾ ಹತ್ತಿರದ ಸಾಲಿನಲ್ಲಿ ಕತ್ತೆತ್ತಿ ಕೂತೆವು. ಸುತ್ತ ಎಲ್ಲಿ ನೋಡಿದರೂ ಕನ್ನಡ. ಸಿನಿಮಾ ಶುರುವಾಗುವ ಮೊದಲೇ ಅರ್ಧ ಸಂತೋಷ ಅಲ್ಲೇ ಸಿಕ್ಕಿಬಿಡುತ್ತದೆ.

ಕತೆ ನಿಮಗೆ ಗೊತ್ತಿದ್ದದ್ದೇ. ಹೇಮಂತ್ ರಾವ್ ಬರೆದು ನಿರ್ದೇಶಿಸಿದ್ದು. ರಕ್ಷಿತ್ ಶೆಟ್ಟಿಯ ಮನು ಶ್ರೀಮಂತರ ಮನೆಯ ಕಾರು ಚಾಲಕ, ರುಕ್ಮಿಣಿ ವಸಂತ್ ಅವರ ಪ್ರಿಯಾ ಹಾಡುವ ಹುಡುಗಿ. ಸಮುದ್ರ ಕಾಣುವ ಒಂದು ಮನೆ ಅವರ ಕನಸು. ಆ ಮನೆಗೆ ಬೇಕಾದ ದುಡ್ಡಿಗಾಗಿ ಮನು, ತಾನು ಮಾಡದ ಅಪಘಾತದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಎಂಬ ಮಾತು ಮಾತಾಗಿಯೇ ಉಳಿಯುತ್ತದೆ. ಮಧ್ಯಂತರದ ನಂತರ ನಾನು ಒಂದೇ ಸಮನೆ ಅತ್ತೆ. ಚರಣ್‌ರಾಜ್ ಸಂಗೀತಕ್ಕೋ, ರುಕ್ಮಿಣಿಯ ಕಣ್ಣಿಗೋ, ಹೇಳಲಾರೆ. ಗೃಹಸಾಲದ ಕಂತು ಕಟ್ಟುವ ನಮ್ಮಂಥವರಿಗೆ ಆ ಕತೆ ನೇರವಾಗಿ ಬಂದು ತಟ್ಟುತ್ತದೆ. ಒಂದು ಮನೆಗಾಗಿ ಆಯಸ್ಸಿನ ವರ್ಷಗಳನ್ನು ಒತ್ತೆ ಇಡುವುದು ನಮಗೆ ಸಿನಿಮಾದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದಾಗ ಅಪ್ಪನ ಮುಖ ನೋಡಿದೆ. ಅವರಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು.

"ಅಲ್ಲವಾ, ಸಮುದ್ರ ನೋಡಾಕ ಬಸ್ಸಿರಲಿಲ್ಲೇನು ಅವಂಗ?"

ನನ್ನ ಗಂಡ ಜೋರಾಗಿ ನಕ್ಕುಬಿಟ್ಟರು. ಅಪ್ಪ ನಗಲಿಲ್ಲ. "ನಾ ಇಪ್ಪತ್ ವರ್ಷ ಶಿರಸಿ ಮ್ಯಾಲೆ ಕುಮಟಾಕ್ಕ ಗಾಡಿ ತಗೊಂಡ್ ಹೋಗೇನಿ. ಮುಂಜಾನೆ ಹತ್ತಿದ್ರ ಮಧ್ಯಾಹ್ನಕ್ಕ ಸಮುದ್ರ. ಆ ಹುಡುಗಿನ ಒಂದ್ ಮಾತು ಕೇಳಿದ್ದಿದ್ರ ಆಕಿ ಬಸ್ಸಿನ್ಯಾಗ ಹೋಗಿ ಬರೂನು ಬಾ ಅಂತಿದ್ಲು. ಕೇಳಬೇಕಿಲ್ಲೋ ಬ್ಯಾಡೋ?"

ಕಾರಿನಲ್ಲಿ ನಾನು ವಾದ ಮಾಡಿದೆ. ಬಡವರಿಗೆ ಕನಸು ಇರಬಾರದೇ, ಬಸ್ಸಿನಲ್ಲಿ ಹೋಗಿ ನೋಡುವುದಕ್ಕೂ ಸ್ವಂತ ಮನೆಯ ಕಿಟಕಿಯಿಂದ ನೋಡುವುದಕ್ಕೂ ಫರಕು ಇಲ್ಲವೇ ಎಂದೆ. ಅಪ್ಪ ಒಪ್ಪಲಿಲ್ಲ. ಕನಸಿನ ಬಗ್ಗೆ ಅವರ ತಕರಾರು ಇರಲಿಲ್ಲ. ಇಬ್ಬರ ಕನಸಿಗೆ ಒಬ್ಬನೇ ಲೆಕ್ಕ ಹಾಕಿದನಲ್ಲ, ಅದು ಅವರ ತಕರಾರು. ಮನು ಪ್ರಿಯಾಳಿಗಾಗಿ ಎಲ್ಲವನ್ನೂ ಕೊಟ್ಟ, ಸರಿ. ಅದರ ಬೆಲೆಯಲ್ಲಿ ದೊಡ್ಡ ಪಾಲು ಕಟ್ಟಿದವಳು ಅವಳೇ. ಅಷ್ಟು ಕಟ್ಟಲು ನಿನಗೆ ಒಪ್ಪಿಗೆಯೇ ಎಂದು ಮಾತ್ರ ಅವಳನ್ನು ಮೊದಲು ಕೇಳಿರಲಿಲ್ಲ.

ಮೂರು ವಾರ ಕಳೆದು ಅದೇ ಚಿತ್ರ 'ಸಪ್ತ ಸಾಗರಾಲು ದಾಟಿ' ಎಂದು ತೆಲುಗಿನಲ್ಲಿ ಬಂತು. ನನ್ನ ಟೀಮಿನ ವರಂಗಲ್ ಹುಡುಗನೊಬ್ಬ ನೋಡಿ ಬಂದು, ಸೋಮವಾರ ಕಾಫಿ ಮಷೀನ್ ಹತ್ತಿರ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ನಿಮ್ಮ ಸಿನಿಮಾ ನನ್ನ ವಾರಾಂತ್ಯ ಹಾಳು ಮಾಡಿತು ಎಂದ. ಅದು ಹಳೆಯ ಸಾಲದ ತೀರುವಳಿ ಎಂದೆ. 1978ರಲ್ಲಿ ಬಾಲಚಂದರ್ ಅವರ ತೆಲುಗು 'ಮರೋಚರಿತ್ರ' ಬೆಂಗಳೂರಿನಲ್ಲಿ ತೆಲುಗಿನಲ್ಲೇ ವರ್ಷಕ್ಕೂ ಹೆಚ್ಚು ಓಡಿ ನಮ್ಮವರನ್ನು ಅಳಿಸಿತ್ತು. ಅಲ್ಲಿ ಹುಡುಗ ತಮಿಳು, ಹುಡುಗಿ ತೆಲುಗು, ವಿಶಾಖಪಟ್ಟಣದ ಸಮುದ್ರ. ಒಬ್ಬರ ಭಾಷೆ ಒಬ್ಬರಿಗೆ ಬರದೆಯೂ ಅವರಿಬ್ಬರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡರು. ಅರ್ಥ ಮಾಡಿಕೊಳ್ಳದವರು ಒಂದೇ ಭಾಷೆ ಆಡುವ ಅವರವರ ಮನೆಯವರು.

ಅಪ್ಪ ಹಾವೇರಿಗೆ ಮರಳಿದರು. ಅವರ ಪ್ರಶ್ನೆ ಮಾತ್ರ ಇಲ್ಲೇ ಉಳಿಯಿತು. ಆಮೇಲೆ ಈ ಊರಿನ ಪ್ರೇಮಕತೆಗಳನ್ನು ನೋಡುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಅಪ್ಪ ಕೂತು, ಕೇಳಬೇಕಿಲ್ಲೋ ಬ್ಯಾಡೋ ಎಂದ ಹಾಗಾಗುತ್ತಿತ್ತು.

ಸಾಗರ್ ಸರ್ಹದಿಯವರ 'ಬಾಜಾರ್' ನೋಡಿದ್ದು ಹಾಗೆ. 1982ರ ಚಿತ್ರ, ಕತೆ ನಡೆಯುವುದು ಹೈದರಾಬಾದಿನಲ್ಲಿ. ಖಯ್ಯಾಮ್ ಸಂಗೀತದ ಅದರ ಗಜಲುಗಳನ್ನು ನೀವು ಕೇಳಿಯೇ ಇರುತ್ತೀರಿ. ಅವುಗಳಲ್ಲಿ ಒಂದು ಇದೇ ಊರಿನ ಕವಿ, ಕಾರ್ಮಿಕ ನಾಯಕ ಮಖ್ದೂಮ್ ಮೊಹಿಯುದ್ದೀನ್ ಅವರದು. ಟ್ಯಾಂಕ್‌ಬಂಡ್ ಮೇಲೆ ಕೃಷ್ಣದೇವರಾಯ ನಿಂತಿರುವ ಸಾಲಿನಲ್ಲೇ ಮಖ್ದೂಮರ ಪ್ರತಿಮೆಯೂ ಇದೆ. ಗಜಲುಗಳು ಎಷ್ಟು ಮಧುರವೋ ಕತೆ ಅಷ್ಟೇ ಕಹಿ. ಶಬನಮ್ ಮತ್ತು ಸರ್ಜು ಪ್ರೀತಿಸಿದ್ದಾರೆ, ಸುಪ್ರಿಯಾ ಪಾಠಕ್ ಮತ್ತು ಫಾರೂಕ್ ಶೇಖ್ ಆ ಜೋಡಿ. ಕೊಲ್ಲಿಯಲ್ಲಿ ದುಡ್ಡು ಮಾಡಿಕೊಂಡು ಬಂದ ಹಿರಿವಯಸ್ಸಿನ ಗಂಡಸಿಗೆ ಎಳೆಯ ಹೆಂಡತಿ ಬೇಕು. ಬಡ ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಲೆಕ್ಕ ಹಾಕುವವರಲ್ಲಿ ಕೇಡಿಗಳು ಯಾರೂ ಇಲ್ಲ. ಸ್ಮಿತಾ ಪಾಟೀಲ್‌ರ ನಜ್ಮಾ ತಾನೇ ಬಾಡಿದ ಬದುಕಿನವಳು. ಅವಳು ಕೂಡ ಹುಡುಗಿ ಹುಡುಕಿಕೊಡಲು ಕೈ ಹಾಕುತ್ತಾಳೆ, ಆಮೇಲೆ ಅದರ ಭಾರಕ್ಕೆ ಕುಸಿಯುತ್ತಾಳೆ. ಶಬನಮ್‌ಗೆ ಬೇಕೇ ಬೇಡವೇ ಎಂದು ಯಾರೂ ಕೇಳುವುದಿಲ್ಲ.

ಅದನ್ನು ನೋಡಿದ ಮಾರನೆಯ ಭಾನುವಾರ ಚಾರ್ಮಿನಾರಿನ ಪಕ್ಕದ ಲಾಡ್ ಬಜಾರಿಗೆ ಹೋದೆ. ಅರಗಿನ ಬಳೆಗಳ ಆ ಬೀದಿಯಲ್ಲಿ ಮದುವೆ ಸೀಸನ್ನಿನ ಜನ. ತಾಯಂದಿರು ಹೆಣ್ಣುಮಕ್ಕಳ ಕೈ ಹಿಡಿದು ಅಳತೆ ಕೊಡಿಸುತ್ತಿದ್ದರು. ಯಾವ ಬಣ್ಣ ಬೇಕು ಎಂದು ಅಂಗಡಿಯವನು ಕೇಳುತ್ತಿದ್ದುದು ಮದುಮಗಳನ್ನೇ. ಬಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ ಎಂದುಕೊಂಡೆ. 'ಬಾಜಾರ್' ಬಂದ ಒಂಬತ್ತು ವರ್ಷಕ್ಕೆ, 1991ರಲ್ಲಿ, ಹೈದರಾಬಾದಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಹತ್ತು ವರ್ಷದಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಅಳುತ್ತ ಕೂತಿದ್ದಳು. ಪಕ್ಕದಲ್ಲಿ ಅವಳನ್ನು ಮದುವೆಯಾದ, ಅರವತ್ತರ ಆಸುಪಾಸಿನ ಅರಬ್ ಗಂಡಸು. ಗಗನಸಖಿ ಹತ್ತಿರ ಹೋಗಿ, ಯಾಕಮ್ಮ ಅಳುತ್ತಿದ್ದೀ ಎಂದು ಕೇಳಿದರು. ಹುಡುಗಿ ಹೇಳಿದಳು. ದೆಹಲಿಯಲ್ಲಿ ಪೊಲೀಸರು ಆತನನ್ನು ಹಿಡಿದರು, ಸುದ್ದಿ ದೇಶವನ್ನೇ ಅಲುಗಾಡಿಸಿತು. ಮದುವೆ ಗೊತ್ತು ಮಾಡಿದವರು, ಮಾಡಿಸಿದವರು, ಊಟ ಮಾಡಿ ಹೋದವರು ಎಷ್ಟು ಮಂದಿಯಿದ್ದರೋ. ಕೇಳಿದವರು ಅವರೊಬ್ಬರು.

ಇನ್ನೊಂದು ಚಿತ್ರ 'ಅಂಕುರ್'. ಶ್ಯಾಮ್ ಬೆನಗಲ್ 2024ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಗೆಳತಿಯರೆಲ್ಲ ಸೇರಿ ಮತ್ತೆ ನೋಡಿದೆವು. ಬೆನಗಲ್ ಹುಟ್ಟಿ ಬೆಳೆದದ್ದು ಸಿಕಂದರಾಬಾದಿನ ದಂಡು ಪ್ರದೇಶದಲ್ಲಿ. ಮನೆಮಾತು ಕೊಂಕಣಿ, ಮನೆತನದ ಬೇರು ನಮ್ಮ ಉಡುಪಿ ಸೀಮೆಯದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರಿಗೆ ಬಂಧು. ಹುಡುಗನಾಗಿದ್ದಾಗ ಅಲ್ಲಿನ ಗ್ಯಾರಿಸನ್ ಸಿನಿಮಾದಲ್ಲಿ ತಪ್ಪದೆ ಚಿತ್ರ ನೋಡುತ್ತಿದ್ದವರು, ಮುಂದೆ 1974ರಲ್ಲಿ ಮೊದಲ ಕಥಾಚಿತ್ರ ಮಾಡುವಾಗ ಇದೇ ಹೈದರಾಬಾದಿನ ಆಸುಪಾಸಿನ ಹಳ್ಳಿ, ಇಲ್ಲಿನ ದಖನಿ ಮಾತನ್ನೇ ಆರಿಸಿಕೊಂಡರು. ಶಬಾನಾ ಆಜ್ಮಿ ಅವರ ಮೊದಲ ಚಿತ್ರ ಅದು, ನಮ್ಮ ಅನಂತನಾಗ್ ಅವರ ಮೊದಲ ಹಿಂದಿ ಚಿತ್ರವೂ ಹೌದು.

ಅನಂತನಾಗ್ ಅದರಲ್ಲಿ ಜಮೀನ್ದಾರನ ಮಗ ಸೂರ್ಯ. ಕಾಲೇಜು ಓದಿದವನು, ಜಾತಿ ಗೀತಿ ಇಲ್ಲ ಎನ್ನುವವನು, ಆಳಿನ ಹೆಂಡತಿ ಲಕ್ಷ್ಮಿಯ ಕೈಯಡುಗೆ ಉಣ್ಣುವವನು. ಅವಳನ್ನು ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಅವಳು ಬಸುರಿಯಾದಾಗ ತೆಗೆಸಿಬಿಡು ಎನ್ನುತ್ತಾನೆ. ಊರು ಬಿಟ್ಟು ಹೋಗಿದ್ದ ಅವಳ ಮೂಗ ಗಂಡ ಕಿಷ್ಟಯ್ಯ ಒಂದು ದಿನ ಹೊಲದ ದಾರಿಯಲ್ಲಿ ಬರುತ್ತಾನೆ. ಬಂದದ್ದು ಕೆಲಸ ಕೇಳಲು. ಸೇಡು ತೀರಿಸಿಕೊಳ್ಳಲು ಬಂದ ಎಂದುಕೊಂಡ ಸೂರ್ಯ, ಯಾಕೆ ಬಂದೆ ಎಂದು ಒಂದು ಮಾತು ಕೇಳದೆ ಚಾಟಿ ಬೀಸುತ್ತಾನೆ. ಮೊದಲ ಸಲ ನೋಡಿದಾಗ ಆಮೇಲಿನ ಲಕ್ಷ್ಮಿಯ ಕೂಗು ನನ್ನನ್ನು ಅಳಿಸಿತ್ತು. ಈ ಸಲ ಚಾಟಿ ಎತ್ತುವ ಮೊದಲಿನ ಆ ಒಂದು ನಿಮಿಷ ಎದೆ ಹಿಂಡಿತು. ಕೇಳಲು ಅಷ್ಟೇ ಸಮಯ ಸಾಕಿತ್ತು.

ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು, ನಿಜ. 'ಸೀತಾರಾಮಂ' ಜೋಡಿಯನ್ನು ದೂರ ಮಾಡಿದ್ದು ಯುದ್ಧ, ಗಡಿ. ಅಲ್ಲಿ ಪ್ರಶ್ನೆಗಳೂ ಇದ್ದವು, ಉತ್ತರಂಗಳೂ ಇದ್ದವು. ನಾನು ಹೇಳುತ್ತಿರುವುದು ಯುದ್ಧವಿಲ್ಲದೆಯೂ ಮುರಿಯುವ ಪ್ರೀತಿಯ ಬಗ್ಗೆ. ಒಳ್ಳೆಯದಾಗಲಿ ಎಂದೇ ಒಬ್ಬರು ಇನ್ನೊಬ್ಬರ ಪರವಾಗಿ ತೀರ್ಮಾನಿಸುತ್ತಾರಲ್ಲ, ಅದು. ನಮ್ಮ ಊರಿನ ಮನೆಗಳಲ್ಲಿ ಇದಕ್ಕೆ ಜವಾಬ್ದಾರಿ ಎಂದು ಹೆಸರು.

ಇದೆಲ್ಲ ಬರೆಯುವುದಕ್ಕೆ ಕಾರಣವಿದೆ. ಈ ವರ್ಷದ ಆರಂಭದಲ್ಲಿ ನನಗೆ ಟೊರಾಂಟೊದಲ್ಲಿ ಮೂರು ವರ್ಷದ ಕೆಲಸದ ಅವಕಾಶ ಬಂತು. ನಮ್ಮ ವಯಸ್ಸಿಗೆ ಇಂಥದ್ದು ಮತ್ತೆ ಮತ್ತೆ ಬರುವುದಿಲ್ಲ. ನನ್ನ ಗಂಡ ಹೊರಡಲು ಸಿದ್ಧ. ಉಳಿದದ್ದು ಅಪ್ಪ ಒಬ್ಬರೇ. ನಾವಿಬ್ಬರೂ ಕೂತು ಒಂದು ಶೀಟ್ ಮಾಡಿದೆವು. ಹಾವೇರಿಯ ಮನೆಗೆ ದಿನವಿಡೀ ಇರುವ ಸಹಾಯಕರು, ಧಾರವಾಡದಲ್ಲಿ ಹಿರಿಯರಿಗೆಂದು ಇರುವ ವಸತಿ, ವರ್ಷಕ್ಕೊಮ್ಮೆ ಬಂದು ಹೋಗುವ ಟಿಕೆಟ್ಟು, ಎಲ್ಲಕ್ಕೂ ಒಂದೊಂದು ಸಾಲು, ಮುಂದೆ ರೂಪಾಯಿ. ಕೂಡಿಸಿದರೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು.

ಅದೇ ವಾರ ಟಿವಿಯಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬರುತ್ತಿತ್ತು. ಇದೂ ಹೇಮಂತ್ ರಾವ್ ಅವರದೇ, 2016ರ ಚಿತ್ರ. 'ಅಂಕುರ್'ನಲ್ಲಿ ಚಾಟಿ ಹಿಡಿದಿದ್ದ ಆ ಎಳೆಯ ಅನಂತನಾಗ್ ನಲವತ್ತೆರಡು ವರ್ಷ ದಾಟಿ ಇಲ್ಲಿ ವೆಂಕೋಬರಾವ್. ಮರೆವಿನ ಕಾಯಿಲೆಯ ಮುದುಕ. ಕೆಲಸಕ್ಕೆಂದು ಮುಂಬೈ ಸೇರಿದ ಮಗ ಶಿವ ತಂದೆಯನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟಿದ್ದಾನೆ. ಒಂದು ದಿನ ಹೊರಗೆ ಕರೆದುಕೊಂಡು ಹೋದಾಗ ತಂದೆ ಕಳೆದುಹೋಗುತ್ತಾರೆ. ನಾಪತ್ತೆ ಪ್ರಕಟಣೆಗೆ ತಂದೆಯ ಬಗ್ಗೆ ಹೇಳು ಎಂದರೆ ಮಗನ ಬಾಯಲ್ಲಿ ಬರುವುದು ಎಲ್ಲ ಪ್ರಕಟಣೆಗಳಲ್ಲೂ ಇರುವ ಆ ನಾಲ್ಕು ಪದಗಳು, ಚಿತ್ರದ ಹೆಸರು. ಹುಡುಕುತ್ತ ಹುಡುಕುತ್ತ ಅವನು ತನ್ನ ತಂದೆ ಯಾರು ಎಂಬುದನ್ನು ಬೇರೆಯವರಿಂದ ತಿಳಿಯುತ್ತಾನೆ. ತಂದೆ ತಾಯಿಯರ ಪ್ರೇಮಕತೆ ಕೂಡ ಅವನಿಗೆ ಹೊಸದು.

ಚಿತ್ರ ಮುಗಿಯುವವರೆಗೂ ನಾವು ಕಾಯಲಿಲ್ಲ. ಜಾಹೀರಾತು ಬಂದಾಗ ಅಪ್ಪನಿಗೆ ಫೋನ್ ಹಚ್ಚಿದೆ. ಶೀಟಿನ ಸುದ್ದಿ ಎತ್ತಲಿಲ್ಲ. ಹಿಂಗ ಒಂದು ಕೆಲಸ ಬಂದೈತಿ, ಮೂರು ವರ್ಷ, ನಿಮಗೇನು ಅನಸ್ತದ ಎಂದು ಕೇಳಿದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅವರ ಟಿವಿಯಲ್ಲೂ ಅದೇ ಜಾಹೀರಾತು ಕೇಳಿಸುತ್ತಿತ್ತು.

"ಹೋಗಬ್ಯಾಡ ಅನ್ನಂಗಿಲ್ಲವಾ. ಕೇಳಿದಿ ಅಂತ ಹೇಳ್ತೀನಿ, ನನಗ ಬ್ಯಾಡ ಅನಸ್ತದ. ಮೂರು ವರ್ಷ ಉದ್ದ ಆತು. ಒಂದ್ ವರ್ಷ ಆದ್ರ ನಾ ತಡೀತೀನಿ."

ನಮ್ಮ ಶೀಟಿನಲ್ಲಿ ಒಂದು ವರ್ಷ ಎಂಬ ಸಾಲೇ ಇರಲಿಲ್ಲ. ಅದನ್ನು ಅಪ್ಪ ಸೇರಿಸಿದರು. ಧಾರವಾಡದ ಸಾಲನ್ನು ಅವರೇ ಹೊಡೆದು ಹಾಕಿದರು, ಹಾನಗಲ್ಲಿನಲ್ಲಿರುವ ತಮ್ಮ ತಂಗಿಯನ್ನು ಕರೆಸಿಕೊಳ್ಳುತ್ತೇನೆ ಎಂದರು. ಅತ್ತೆಗೂ ಒಂಟಿತನ ಕಾಡುತ್ತಿತ್ತು ಎಂಬುದು ನಮಗೆ ತಿಳಿದದ್ದು ಆ ಫೋನಿನಲ್ಲೇ. ಮಾರನೆಯ ದಿನ ನಾನು ಆಫೀಸಿನಲ್ಲಿ ಮೂರರ ಬದಲು ಒಂದು ವರ್ಷಕ್ಕೆ ಬರಬಹುದೇ ಎಂದು ಬರೆದು ಕಳಿಸಿದೆ. ಇದನ್ನು ಬರೆಯುವ ಹೊತ್ತಿನವರೆಗೂ ಉತ್ತರ ಬಂದಿಲ್ಲ. ಬೇಡ ಎಂದರೆ ಹೈದರಾಬಾದ್ ಇದ್ದೇ ಇದೆ, ನಾನು ಅಷ್ಟು ದುಃಖಪಡಲಾರೆ ಅನ್ನಿಸುತ್ತದೆ. ದುಃಖವಾದರೂ ಅದು ನಾವು ಮೂವರೂ ಕೂತು ಒಪ್ಪಿಕೊಂಡ ದುಃಖ.

ಫೋನ್ ಇಡುವ ಮೊದಲು ಅಪ್ಪ ಇನ್ನೊಂದು ಕೇಳಿದ್ದರು.

"ಅಲ್ಲಿ ಸಮುದ್ರ ಐತೇನು?"

"ಇಲ್ಲಪ್ಪ, ಕೆರೆ ಐತಿ."

"ಹುಸೇನ್ ಸಾಗರದಷ್ಟು?"

"ಬಹಳ ದೊಡ್ಡದು. ಆಚೆ ದಂಡೆ ಕಾಣಂಗಿಲ್ಲ."

"ಹಂಗಾರ ನೋಡಾಕ ಹೋಗು. ಬಸ್ಸಿನ್ಯಾಗ ಹೋಗು, ಮನಿ ಗಿನಿ ತಗೋಬ್ಯಾಡ."